ಬಾಕ್ಸಿಂಗ್ ಮ್ಯಾಚು ಹತ್ತು ರೌಂಡಿಗೇ ಮುಗೀಲಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದ ಪುಟದಲ್ಲಿ ಒಬ್ರು ಬರೆದಿದ್ರು, ಈಗಿನ ಪ್ರೊಫೆಷನಲ್ ಬಾಕ್ಸಿಂಗಲ್ಲಿ ದಮ್ಮೇ ಇಲ್ಲ, ಹಳೇ ಕಾಲದ 15 ರೌಂಡು ವಾಪಸ್ ತರ್ಬೇಕು, ಆಗ್ಲೇ ನಿಜವಾದ ಚಾಂಪಿಯನ್ ಯಾರು ಅಂತ ಗೊತ್ತಾಗೋದು ಅಂತ. ಓದಿ ಸುಮ್ನಿರಕ್ಕೆ ಆಗ್ಲಿಲ್ಲ. ಅವರಿಗೆ ಆ ಆಟದ ಮೇಲಿರೋ ಪ್ರೀತಿ ನಂಗೆ ಅರ್ಥ ಆಗುತ್ತೆ, ನಂಗೂ ಅಷ್ಟೇ ಇದೆ, ಸೇನೆಯಲ್ಲಿದ್ದ ಹದಿನೇಳು ವರ್ಷದಲ್ಲಿ ಏಳೆಂಟು ವರ್ಷ ಯೂನಿಟ್ ಟೀಮಲ್ಲಿ ಗ್ಲೌಸ್ ಹಾಕ್ದೋನು ನಾನು, ಈಗ ಊರಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗ್ರಿಗೆ ಹೇಳ್ಕೊಡ್ತೀನಿ. ಆದ್ರೆ 15 ಖಂಡಿತ ಬೇಡ, ಈಗಿರೋ 12 ಕೂಡ ಜಾಸ್ತಿನೇ, ವರ್ಲ್ಡ್ ಟೈಟಲ್ ಆದ್ರೂ ಸರಿ 10ಕ್ಕೆ ನಿಲ್ಲಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತಿದೀನಿ, ಜಾಗ ಇದ್ರೆ ಹಾಕಿ.

ಮೊದ್ಲು ಈ 15 ಅನ್ನೋ ನಂಬರ್ ಏನು ದೇವರು ಬರೆದಿಟ್ಟಿದ್ದಲ್ಲ. ಬರಿಗೈಲಿ ಹೊಡೆದಾಡ್ತಿದ್ದ ಕಾಲದಲ್ಲಿ ಒಬ್ಬ ಕೆಳಗೆ ಬಿದ್ರೆ ಒಂದು ರೌಂಡ್ ಮುಗೀತು ಅಂತ ಲೆಕ್ಕ, ಎದ್ದು ಬರೋವರೆಗೂ ನಡೀತಾನೇ ಇರ್ತಿತ್ತು, 1889ರಲ್ಲಿ ಜಾನ್ ಎಲ್ ಸುಲ್ಲಿವನ್ ಮತ್ತೆ ಜೇಕ್ ಕಿಲ್‌ರೇನ್ ಮಿಸಿಸಿಪಿಯ ಜುಲೈ ಬಿಸಿಲಲ್ಲಿ 75 ರೌಂಡ್ ಆಡಿದ್ರು. 1867ರಲ್ಲಿ ಬಂದ ಕ್ವೀನ್ಸ್‌ಬೆರಿ ರೂಲ್ಸ್ ಅನ್ನೋ ಬಾಕ್ಸಿಂಗ್ ನಿಯಮಗಳಲ್ಲಿ ಗ್ಲೌಸ್ ಬಂತು, ಮೂರು ನಿಮಿಷ ಆಟ ಒಂದು ನಿಮಿಷ ರೆಸ್ಟ್ ಅನ್ನೋದು ಬಂತು, ಆದ್ರೆ ಒಟ್ಟು ಎಷ್ಟು ರೌಂಡ್ ಅನ್ನೋದಕ್ಕೆ ಕಡಿವಾಣ ಬೀಳಕ್ಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. 1893ರ ಏಪ್ರಿಲಲ್ಲಿ ನ್ಯೂ ಆರ್ಲಿಯನ್ಸಲ್ಲಿ ಆಂಡಿ ಬೋವೆನ್ ಮತ್ತೆ ಜ್ಯಾಕ್ ಬರ್ಕ್ ಅನ್ನೋರು 110 ರೌಂಡ್ ಆಡಿದ್ರು, 7 ಗಂಟೆ 19 ನಿಮಿಷ, ಬರ್ಕ್‌ನ ಕೈಮೂಳೆಗಳೇ ಮುರಿದು ಹೋಗಿದ್ವು, ಕೊನೆಗೆ ಇಬ್ರೂ ಸ್ಟೂಲಿಂದ ಎದ್ದು ಬರೋ ಸ್ಥಿತಿಲಿ ಇಲ್ದೆ ಗೆದ್ದೋರು ಯಾರೂ ಇಲ್ಲ ಅಂತ ರೆಫರಿ ನಿಲ್ಲಿಸ್ಬೇಕಾಯ್ತು. ಅದೇ ಬೋವೆನ್ ಮುಂದಿನ ವರ್ಷ ಡಿಸೆಂಬರಲ್ಲಿ ಇನ್ನೊಂದು ಮ್ಯಾಚಲ್ಲಿ 18ನೇ ರೌಂಡಲ್ಲಿ ಬಿದ್ದು ತಲೆ ನೆಲಕ್ಕೆ ಬಡಿದು ತೀರ್ಕೊಂಡ. 1915ರಲ್ಲಿ ಹವಾನಾದಲ್ಲಿ ಜ್ಯಾಕ್ ಜಾನ್ಸನ್ ಮತ್ತೆ ಜೆಸ್ ವಿಲಾರ್ಡ್ ಮ್ಯಾಚ್ 45 ರೌಂಡಿಗೆ ಅಂತ ಇಟ್ಟಿದ್ರು, 26ರಲ್ಲಿ ಮುಗೀತು. ಅಲ್ಲಿಂದ ಇಳ್ಕೊಂಡು ಇಳ್ಕೊಂಡು ಬಂದಿದ್ದು 15. ಪ್ರತಿ ಸಲ ಇಳ್ಸುವಾಗ್ಲೂ ಆಟ ಸಪ್ಪೆ ಆಗೋಯ್ತು, ಗಂಡಸ್ತನ ಹೋಯ್ತು ಅಂತ ಯಾರೋ ಒಬ್ರು ಹೇಳೇ ಇರ್ತಾರೆ, ಆದ್ರೆ ಈಗ 110 ರೌಂಡ್ ವಾಪಸ್ ತನ್ನಿ ಅಂತ ಯಾರಾದ್ರೂ ಕೇಳ್ತಾರಾ?

15ರಿಂದ 12ಕ್ಕೆ ಯಾಕೆ ಬಂತು ಅನ್ನೋದನ್ನ ಆ ಪತ್ರದಲ್ಲಿ ಬರೆದೇ ಇಲ್ಲ, ಅದೇ ನಂಗೆ ಜಾಸ್ತಿ ನೋವಾಗಿದ್ದು. 1982ರ ನವೆಂಬರ್ 13, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್, ರೇ ಮ್ಯಾನ್ಸಿನಿ ವಿರುದ್ಧ ಕೊರಿಯಾದ ಕಿಮ್ ಡಕ್ ಕೂ. ಲೈಟ್‌ವೇಯ್ಟ್ ತೂಕಕ್ಕೆ ಇಳಿಯಕ್ಕೆ ಕಿಮ್ ಸಿಕ್ಕಾಪಟ್ಟೆ ಕಷ್ಟ ಪಟ್ಟಿದ್ದ, ಮೈಯಲ್ಲಿ ನೀರೇ ಇಲ್ಲದ ಹಾಗೆ ಮಾಡ್ಕೊಂಡು ರಿಂಗ್ ಹತ್ತಿದ್ದ. ಹದಿಮೂರು ರೌಂಡ್ ಇಬ್ರೂ ಬಿಡದೆ ಬಡಿದಾಡಿದ್ರು, 14ನೇ ರೌಂಡ್ ಶುರುವಾಗಿ ಕೆಲವೇ ಸೆಕೆಂಡಲ್ಲಿ ಕಿಮ್ ಬಿದ್ದ, ಹಗ್ಗ ಹಿಡ್ಕೊಂಡು ಎದ್ದೂ ನಿಂತ, ರೆಫರಿ ನಿಲ್ಲಿಸಿದ್ರು, ಅದಾದ್ಮೇಲೆ ಕೋಮಾಗೆ ಹೋದೋನು ಏಳಲೇ ಇಲ್ಲ, ನಾಲ್ಕೇ ದಿನಕ್ಕೆ ಜೀವ ಹೋಯ್ತು. ಅವನ ತಾಯಿ ಕೆಲವು ತಿಂಗಳಾದ್ಮೇಲೆ ಆತ್ಮಹತ್ಯೆ ಮಾಡ್ಕೊಂಡ್ರು. ಮ್ಯಾಚ್ ನಡೆಸಿದ ರೆಫರಿ ರಿಚರ್ಡ್ ಗ್ರೀನ್ 1983ರಲ್ಲಿ ತಾವೇ ಜೀವ ತಗೊಂಡ್ರು. ಒಂದು ಮ್ಯಾಚಿಂದ ಇಷ್ಟು ಮನೆ ಹಾಳಾದ್ವು. ವರ್ಲ್ಡ್ ಟೈಟಲ್ ಕೊಡೋ ಸಂಸ್ಥೆಗಳು ಕೆಲವಿವೆ, ಅದ್ರಲ್ಲಿ ಡಬ್ಲ್ಯುಬಿಸಿಯವರು ಅದಾದ ಕೆಲವೇ ವಾರದಲ್ಲಿ ಇನ್ಮೇಲೆ 12 ರೌಂಡ್ ಅಂದ್ರು, ಡಬ್ಲ್ಯುಬಿಎ ಒಪ್ಕೊಂಡಿದ್ದು 1987ರಲ್ಲಿ, ಐಬಿಎಫ್ 1988ರಲ್ಲಿ. ಕೆಲವ್ರು ಟಿವಿಗೋಸ್ಕರ 12 ಮಾಡಿದ್ರು ಅಂತಾರೆ, ಲೆಕ್ಕ ಹಾಕಿದ್ರೆ 15 ರೌಂಡಿಗೆ ರೆಸ್ಟ್ ಎಲ್ಲಾ ಸೇರಿ 59 ನಿಮಿಷ, 12ಕ್ಕೆ 47 ನಿಮಿಷ, ಒಂದು ಗಂಟೆ ಪ್ರೋಗ್ರಾಮಿಗೆ ಯಾವ್ದು ಹೊಂದುತ್ತೆ ಅಂತ ಹೇಳ್ಬೇಕಾಗಿಲ್ಲ. ಟಿವಿಯವ್ರಿಗೂ ಅನುಕೂಲ ಆಗಿರ್ಬಹುದು, ಆದ್ರೆ ಅದಕ್ಕೆ ಮೊದ್ಲು ಒಬ್ಬ ಸಾಯ್ಬೇಕಾಯ್ತು.

ಈಗ ನನ್ನ ಅನುಭವದ್ದು ಒಂದು ಹೇಳ್ತೀನಿ. ನಾವು ಆಡ್ತಿದ್ದಿದ್ದು ಅಮೆಚೂರ್, ಬರೀ ಮೂರು ರೌಂಡ್. ನೋಡೋರಿಗೆ ಮೂರು ರೌಂಡ್ ಅಂದ್ರೆ ಏನೂ ಅಲ್ಲ ಅನ್ಸುತ್ತೆ, ಒಳಗೆ ಇರೋನಿಗೆ ಮೂರನೇ ರೌಂಡಲ್ಲಿ ಗ್ಲೌಸ್ ಒಂದೊಂದೂ ಐದೈದು ಕೇಜಿ ಆಗಿರುತ್ತೆ, ಕೈ ಮುಖದ ಹತ್ರ ಎತ್ತಿ ಹಿಡ್ಕೊಳ್ಳೋದೇ ಒಂದು ದೊಡ್ಡ ಕೆಲಸ. ಒಂದು ಟೂರ್ನಮೆಂಟಲ್ಲಿ ಎರಡನೇ ರೌಂಡಲ್ಲಿ ನಂಗೆ ಕಪಾಳದ ಮೇಲ್ಗಡೆ ಒಂದು ಏಟು ಬಿತ್ತು, ಬೀಳ್ಲಿಲ್ಲ, ರೌಂಡ್ ಮುಗ್ಸಿ ಸ್ಟೂಲ್ ಮೇಲೆ ಕೂತೆನಂತೆ, ಕಾರ್ನರಲ್ಲಿ, ಅಂದ್ರೆ ರಿಂಗಿನ ಮೂಲೇಲಿ ನನ್ನ ನೋಡ್ಕೊಳ್ಳಕ್ಕೆ ಇದ್ದೋರು ಹೋಗ್ತೀಯಾ ಅಂತ ಕೇಳಿದ್ರಂತೆ, ನಾನು ಹೂಂ ಅಂದೆನಂತೆ, ಮೂರನೇ ರೌಂಡ್ ಪೂರ್ತಿ ಆಡಿ ಪಾಯಿಂಟ್ಸಲ್ಲಿ ಸೋತೆನಂತೆ. ಈ ಅಂತೆ ಅಂತೆ ಯಾಕೆ ಅಂದ್ರೆ ನಂಗೆ ಇವತ್ತಿಗೂ ಅದ್ಯಾವ್ದೂ ನೆನಪಿಲ್ಲ, ನೆನಪು ಶುರುವಾಗೋದು ರಾತ್ರಿ ಬ್ಯಾರಕ್ಕಲ್ಲಿ ವಾಂತಿ ಮಾಡ್ಕೊಳ್ತಿದ್ದಾಗಿಂದ. ಮೂರು ನಿಮಿಷ ಹೊಡೆದಾಡಿದ ಆ ಮನುಷ್ಯ ಯಾರು ಅಂತ ಯೋಚ್ನೆ ಬಂದ್ರೆ ಈಗ್ಲೂ ಮೈ ಜುಮ್ಮನ್ನುತ್ತೆ.

ಅದಕ್ಕೇ ಹೇಳೋದು, ಬಾಕ್ಸರನ್ನ ಕೇಳಿದ್ರೆ ಅವನು ಯಾವತ್ತೂ ಬೇಡ ಅನ್ನಲ್ಲ, ಬೇಡ ಅನ್ನೋ ಬುದ್ಧಿ ಆ ಹೊತ್ತಲ್ಲಿ ತಲೇಲಿ ಇರಲ್ಲ, ಇದ್ರೂ ಮರ್ಯಾದೆ ಬಿಡಲ್ಲ. ಕಾರ್ನರಿನವ್ರಿಗೆ ಇನ್ನೊಂದೇ ರೌಂಡ್ ತಡ್ಕೊಂಡ್ರೆ ಗೆಲ್ತಾನೆ ಅನ್ನೋ ಆಸೆ ಇರುತ್ತೆ, ರೆಫರಿಗೆ ಬೇಗ ನಿಲ್ಲಿಸ್ಬಿಟ್ಟೆ ಅಂತ ಬೈಸ್ಕೊಳ್ಳೋ ಭಯ, ಪ್ರಮೋಟರಿಗೆ ದುಡ್ಡು, ಜನಕ್ಕೆ ಗಲಾಟೆ ಬೇಕು. ರೌಂಡ್ ಮುಗೀತು ಅಂತ ಹೊಡೆಯೋ ಗಂಟೆಗೆ ಮಾತ್ರ ಇದ್ಯಾವ್ದೂ ಇಲ್ಲ. ಹತ್ತು ರೌಂಡ್ ಆಯ್ತು, ಗಂಟೆ ಹೊಡೀತು, ಅಷ್ಟೇ. ಯಾರ ಧೈರ್ಯದ ಮೇಲೂ, ಯಾರ ದಯೆ ಮೇಲೂ ನಿಂತಿಲ್ಲದ ರಕ್ಷಣೆ ಅಂದ್ರೆ ಅದೊಂದೇ.

ಹತ್ತೇ ಯಾಕೆ ಅಂದ್ರೆ, 1991ರ ಸೆಪ್ಟೆಂಬರ್ 21ಕ್ಕೆ ಲಂಡನ್ನಲ್ಲಿ ಮೈಕಲ್ ವಾಟ್ಸನ್ ಮತ್ತೆ ಕ್ರಿಸ್ ಯೂಬ್ಯಾಂಕ್ ಮ್ಯಾಚ್ ಆಯ್ತಲ್ಲ ಅದನ್ನ ನೋಡಿ. ವಾಟ್ಸನ್ ಅಂಕದಲ್ಲಿ ಮುಂದಿದ್ದ, ಹತ್ತಕ್ಕೆ ನಿಲ್ಲಿಸಿದ್ರೆ ಚಾಂಪಿಯನ್ ಬೆಲ್ಟ್ ತಗೊಂಡು ನಡ್ಕೊಂಡೇ ಮನೆಗೆ ಹೋಗ್ತಿದ್ದ. 11ನೇ ರೌಂಡಲ್ಲಿ ಯೂಬ್ಯಾಂಕನ್ನ ಬೀಳಿಸಿದ, ಯೂಬ್ಯಾಂಕ್ ಎದ್ದು ಕೆಳಗಿಂದ ಒಂದು ಅಪ್ಪರ್‌ಕಟ್ ಕೊಟ್ಟ, ವಾಟ್ಸನ್ ಹಿಂದಕ್ಕೆ ಬಿದ್ದು ತಲೆ ಹಗ್ಗಕ್ಕೆ ಬಡೀತು, 12ರಲ್ಲಿ ನಿಲ್ಲಿಸಿದ್ರು. 40 ದಿನ ಕೋಮಾ, ಆರು ಸಲ ಮೆದುಳಿನ ಆಪರೇಷನ್, ವರ್ಷಗಟ್ಟಲೆ ವೀಲ್‌ಚೇರ್. ರಿಂಗ್ ಪಕ್ಕ ಸರಿಯಾದ ಚಿಕಿತ್ಸೆ ವ್ಯವಸ್ಥೆ ಇರ್ಲಿಲ್ಲ ಅಂತ ಅವರು ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಮೇಲೆ ಕೇಸ್ ಹಾಕಿ ಗೆದ್ರು. 2003ರಲ್ಲಿ ಲಂಡನ್ ಮ್ಯಾರಥಾನನ್ನ ಆರು ದಿನ ನಡೆದು ಮುಗ್ಸಿದ್ರು, ಯೂಬ್ಯಾಂಕ್ ಜೊತೆಗೆ ಬಂದು ನಿಂತಿದ್ದ, ಆ ಫೋಟೋ ನೋಡಿದ್ರೆ ಕಣ್ಣು ತುಂಬ್ಕೊಳ್ಳುತ್ತೆ.

2019ರ ಜುಲೈನಲ್ಲಿ ಅಮೆರಿಕಾದಲ್ಲಿ ರಷ್ಯಾದ ಮ್ಯಾಕ್ಸಿಮ್ ದಾದಾಶೆವ್ ಆಡಿದ್ದು 12 ರೌಂಡಿನ ಮ್ಯಾಚು. 11 ಮುಗಿದ್ಮೇಲೆ ಅವನ ಟ್ರೇನರ್ ಬಡ್ಡಿ ಮೆಗರ್ಟ್ ಸಾಕು ನಿಲ್ಲಿಸ್ತೀನಿ ಅಂತ ಹತ್ತಿರ ಬಗ್ಗಿ ಬೇಡ್ಕೊಳ್ತಿದಾರೆ, ಇವನು ತಲೆ ಅಲ್ಲಾಡಿಸ್ತಾನೇ ಇದಾನೆ, ಬೇಡ ಬೇಡ ಅಂತ. ಕೊನೆಗೆ ಮೆಗರ್ಟ್ ಅವನ ಮಾತು ಕೇಳ್ದೆ ನಿಲ್ಲಿಸ್ಬಿಟ್ರು. ಅಷ್ಟು ಒಳ್ಳೆ ಮನುಷ್ಯ ಕಾರ್ನರಲ್ಲಿ ಇದ್ರೂ ತಡ ಆಗಿತ್ತು, ನಾಲ್ಕು ದಿನಕ್ಕೆ ಹುಡುಗ ಹೋದ.

ಹತ್ತು ಮಾಡಿದ್ರೆ ಯಾರೂ ಸಾಯಲ್ಲ ಅಂತ ನಾನು ಹೇಳ್ತಿಲ್ಲ. ಅದೇ ವರ್ಷ ಅಕ್ಟೋಬರಲ್ಲಿ ಷಿಕಾಗೋದಲ್ಲಿ ಪ್ಯಾಟ್ರಿಕ್ ಡೇ ಬಿದ್ದಿದ್ದು ಹತ್ತನೇ ರೌಂಡಲ್ಲೇ. 2025ರ ಆಗಸ್ಟ್ 2ಕ್ಕೆ ಟೋಕಿಯೋದ ಕೊರಾಕುಯೆನ್ ಹಾಲಲ್ಲಿ ಒಂದೇ ರಾತ್ರಿ ಇಬ್ರು, ಶಿಗೆತೋಶಿ ಕೊತಾರಿ 12 ರೌಂಡ್ ಪೂರ್ತಿ ಆಡಿ ಡ್ರಾ ಮಾಡ್ಕೊಂಡು ಆಮೇಲೆ ಕುಸಿದಿದ್ದು, ಹಿರೋಮಾಸಾ ಉರಕಾವಾ ಎಂಟನೇ ರೌಂಡಲ್ಲಿ ನಾಕೌಟ್ ಆಗಿದ್ದು, ಇಬ್ರಿಗೂ ಮೆದುಳಿನ ಆಪರೇಷನ್ ಆಯ್ತು, ಇಬ್ರೂ ಒಂದು ದಿನದ ಅಂತರದಲ್ಲಿ ತೀರ್ಕೊಂಡ್ರು. ತಲೆಬುರುಡೆಗೂ ಮೆದುಳಿಗೂ ಮಧ್ಯ ಇರೋ ಸಣ್ಣ ರಕ್ತನಾಳ ಹರಿದು ರಕ್ತ ತುಂಬ್ಕೊಳ್ಳೋದು ಎಷ್ಟನೇ ರೌಂಡಲ್ಲಿ ಬೇಕಾದ್ರೂ ಆಗ್ಬಹುದು. ಆದ್ರೆ ಸುಸ್ತಾದವನ ಕೈ ಕೆಳಗಿರುತ್ತೆ, ಕತ್ತು ಸಡಿಲ ಆಗಿರುತ್ತೆ, ಬರೋ ಏಟು ಕಾಣ್ಸಲ್ಲ, ಕಂಡ್ರೂ ತಪ್ಪಿಸ್ಕೊಳ್ಳಕ್ಕೆ ಕಾಲು ಬರಲ್ಲ. ಕೊನೇ ಆರು ನಿಮಿಷ ಅಂದ್ರೆ ಅದು. ಜಪಾನ್ ಸಾವುಗಳಾದ್ಮೇಲೆ ಏಷ್ಯಾದ ಬಾಕ್ಸಿಂಗ್ ಸಂಸ್ಥೆ ಒಪಿಬಿಎಫ್‌ನವರು ತಮ್ಮ ಟೈಟಲ್ ಮ್ಯಾಚನ್ನ 12ರಿಂದ 10ಕ್ಕೆ ಇಳ್ಸಿದ್ರು. ಅವರು ಮಾಡಿದ್ದನ್ನ ದೊಡ್ಡ ಸಂಸ್ಥೆಗಳು ಮಾಡಕ್ಕೆ ಏನು ಕಷ್ಟ? 1982ರಲ್ಲಿ ಡಬ್ಲ್ಯುಬಿಸಿ ಮಾಡಿದ್ದನ್ನ ಬೇರೆಯವ್ರು ಒಪ್ಕೊಳ್ಳಕ್ಕೆ ಐದಾರು ವರ್ಷ ತಗೊಂಡ್ರು, ಈ ಸಲ ಅಷ್ಟು ಕಾಯೋದು ಬೇಡ.

ಆ ಓದುಗರು ಬರೆದಿದ್ದ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. 1952ರಲ್ಲಿ ರಾಕಿ ಮಾರ್ಸಿಯಾನೊ ಅಂಕದಲ್ಲಿ ಹಿಂದೆ ಬಿದ್ದಿದ್ದೋನು 13ನೇ ರೌಂಡಲ್ಲಿ ಒಂದೇ ಏಟಿಗೆ ವಾಲ್ಕಾಟನ್ನ ಮಲಗ್ಸಿದ, 1981ರಲ್ಲಿ ಶುಗರ್ ರೇ ಲೆನಾರ್ಡ್ ಕಣ್ಣು ಊದ್ಕೊಂಡು ಸೋಲೋ ಹಾಗಿದ್ದೋನು 14ರಲ್ಲಿ ಹರ್ನ್ಸನ್ನ ಮುಗ್ಸಿದ. ಹತ್ತು ರೌಂಡಿದ್ದಿದ್ರೆ ಇವೆರಡೂ ಇರ್ತಿರ್ಲಿಲ್ಲ, ಅದು ನಿಜವಾದ ನಷ್ಟನೇ, ನಾನೂ ಆ ರೀಲುಗಳನ್ನ ಎಷ್ಟು ಸಲ ನೋಡಿದೀನೋ. ಆದ್ರೆ ಅದೇ 15 ರೌಂಡಿನ 1975ರ ಮನಿಲಾ ಮ್ಯಾಚಲ್ಲಿ ಮುಹಮ್ಮದ್ ಅಲಿ ವಿರುದ್ಧ ಆಡ್ತಿದ್ದ ಜೋ ಫ್ರೇಜಿಯರ್ ಕಣ್ಣೇ ಕಾಣ್ದೆ ಇನ್ನೂ ಹೋಗ್ತೀನಿ ಅಂತಿದ್ದಾಗ 14 ಮುಗಿದ್ಮೇಲೆ ಅವನ ಟ್ರೇನರ್ ಎಡ್ಡಿ ಫಚ್ ತಡೆದು ನಿಲ್ಲಿಸಿದ್ರು, ಗೆದ್ದ ಅಲಿಗೂ ನಿಲ್ಲೋ ಶಕ್ತಿ ಇರ್ಲಿಲ್ಲ. ಅಲ್ಲಿ ಫಚ್ ಇಲ್ದೇ ಇದ್ದಿದ್ರೆ?

ನಮ್ಮ ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಮುಗೀತು. ಅವರನ್ನ ಯಾರಾದ್ರೂ ಹೇಡಿಗಳು ಅಂದಿದಾರಾ.

ಹೆಣ್ಣುಮಕ್ಕಳ ವಿಷ್ಯನೂ ಇದೆ. ಅವರಿಗೆ ಟೈಟಲ್ ಮ್ಯಾಚ್ ಅಂದ್ರೆ ಸಾಮಾನ್ಯವಾಗಿ ಎರಡೆರಡು ನಿಮಿಷದ ಹತ್ತು ರೌಂಡು, ಒಟ್ಟು ಇಪ್ಪತ್ತೇ ನಿಮಿಷ ಆಟ. ಅಮಾಂಡಾ ಸೆರಾನೊ 2023ರ ಅಕ್ಟೋಬರಲ್ಲಿ ಗಂಡಸರ ಹಾಗೇ ಮೂರು ನಿಮಿಷದ 12 ರೌಂಡ್ ಆಡಿ ಗೆದ್ರು, ಡಬ್ಲ್ಯುಬಿಸಿ ಆರೋಗ್ಯದ ಕಾರಣ ಕೊಟ್ಟು ಅದಕ್ಕೆ ಒಪ್ಪದೇ ಇದ್ದಿದ್ದಕ್ಕೆ ಆ ಬೆಲ್ಟನ್ನೇ ಬಿಟ್ಟುಕೊಟ್ರು. ಸಮಾನತೆ ಬೇಕು ಅನ್ನೋದು ನೂರಕ್ಕೆ ನೂರು ಸರಿ. ಆದ್ರೆ ಹೆಣ್ಣುಮಕ್ಕಳನ್ನ 12ಕ್ಕೆ ಏರಿಸೋ ಬದ್ಲು ಗಂಡಸರನ್ನ 10ಕ್ಕೆ ಇಳ್ಸಿ, ಇಬ್ರಿಗೂ ಮೂರು ನಿಮಿಷದ ಹತ್ತು ರೌಂಡ್ ಅಂತ ಮಾಡ್ಬಹುದಲ್ವಾ.

ನಮ್ಮ ದೇಶದಲ್ಲಿ ಪ್ರೊಫೆಷನಲ್ ಬಾಕ್ಸಿಂಗ್ ಇನ್ನೂ ಚಿಕ್ಕದು. 2016ರಲ್ಲಿ ದಿಲ್ಲಿಲಿ ವಿಜೇಂದರ್ ಸಿಂಗ್ ಏಷ್ಯಾ ಪೆಸಿಫಿಕ್ ಟೈಟಲ್ ಗೆದ್ದಿದ್ದು ಹತ್ತು ರೌಂಡಿನ ಮ್ಯಾಚಲ್ಲೇ, ಯಾರಿಗೂ ಅದು ಕಮ್ಮಿ ಅನ್ನಿಸ್ಲಿಲ್ಲ, ಸ್ಟೇಡಿಯಂ ಪೂರ್ತಿ ಕುಣೀತಿತ್ತು. ನಮ್ಮಲ್ಲಿ ಇದು ಬೆಳೆಯೋ ಮುಂಚೆನೇ ರೂಲ್ ಗಟ್ಟಿ ಮಾಡ್ಕೊಳ್ಳೋದು ಒಳ್ಳೇದು. 2022ರ ಜುಲೈನಲ್ಲಿ ಬೆಂಗಳೂರಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ 23 ವರ್ಷದ ಹುಡುಗ ಮುಖಕ್ಕೆ ಏಟು ಬಿದ್ದು ಕುಸಿದು ಎರಡು ದಿನಕ್ಕೆ ತೀರ್ಕೊಂಡಿದ್ದು ನಾವ್ಯಾರೂ ಮರೀಬಾರ್ದು. ರೌಂಡ್ ಕಮ್ಮಿ ಮಾಡೋದು ಒಂದು, ಅದ್ರ ಜೊತೆಗೆ ಆಂಬುಲೆನ್ಸು, ಆಮ್ಲಜನಕ, ತಲೆ ಪೆಟ್ಟು ಗೊತ್ತಿರೋ ಡಾಕ್ಟ್ರು ರಿಂಗ್ ಪಕ್ಕ ಇಲ್ದೆ ಮೊದಲನೇ ಗಂಟೆನೇ ಹೊಡೀಬಾರ್ದು, ಮೈಯಿಂದ ನೀರು ಹಿಂಡಿ ತೂಕ ಇಳ್ಸೋ ಹುಚ್ಚು ನಿಲ್ಬೇಕು. ನಾನು ಹೇಳ್ಕೊಡೋ ಹುಡುಗ್ರಲ್ಲಿ ಒಬ್ಬನಿಗೆ ಪ್ರೊಫೆಷನಲ್ ಆಗ್ಬೇಕು ಅಂತ ಆಸೆ, ಒಳ್ಳೆ ಕೈ ಇದೆ ಅವನಿಗೆ, ಅವನ ಅಮ್ಮ ಬಂದು ಏನೂ ಆಗಲ್ಲ ತಾನೆ ಅಣ್ಣ ಅಂತ ಕೇಳಿದ್ರೆ ಈಗಿರೋ 12 ರೌಂಡಿನ ಲೆಕ್ಕದಲ್ಲಿ ನಂಗೆ ಉತ್ತರ ಕೊಡಕ್ಕೆ ಆಗಲ್ಲ.

ಆ ಓದುಗರಿಗೆ ನನ್ನ ಮಾತಿಂದ ಬೇಜಾರಾಗಿದ್ರೆ ಕ್ಷಮಿಸ್ಲಿ. ಹಾಸನದ ಕಡೆ ಬಂದ್ರೆ ಸಂಜೆ ಆರು ಗಂಟೆ ಮೇಲೆ ನಮ್ಮ ಹುಡುಗ್ರ ಪ್ರಾಕ್ಟೀಸ್ ನೋಡಕ್ಕೆ ಬರ್ಲಿ, ಅಲ್ಲೇ ಕೂತು ಮಾರ್ಸಿಯಾನೊ ಬಗ್ಗೆನೂ ಮಾತಾಡೋಣ, ಕಿಮ್ ಬಗ್ಗೆನೂ ಮಾತಾಡೋಣ.

ಇಂತಿ,
ಒಬ್ಬ ನಿವೃತ್ತ ಸೈನಿಕ, ಹಾಸನ