36ನೇ ಸೆಷನ್ ಮುಗಿಯಿತು

ನಿನ್ನೆ ಕಾರ್ಡಿಯಾಕ್ ರೀಹ್ಯಾಬ್‌ನ, ಅಂದರೆ ಹೃದಯ ಚೇತರಿಸಿಕೊಳ್ಳಲು ಆಸ್ಪತ್ರೆಯವರ ನಿಗಾದಲ್ಲಿ ಮಾಡಿಸುವ ವ್ಯಾಯಾಮದ, ಕೊನೆಯ ದಿನ. ವಾರಕ್ಕೆ 3 ಸಲ, ಒಟ್ಟು 12 ವಾರ. ನನ್ನ ಹೃದಯದ ಬೈಪಾಸ್ ಆಪರೇಷನ್ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ರಕ್ತ ಕೊಟ್ಟವರು, ಐಸಿಯು ಮುಂದೆ ಪಾಳಿ ಹಾಕಿ ಕೂತವರು, ಆಫೀಸಿನಲ್ಲಿ ನನ್ನ ಕೆಲಸ ಹಂಚಿಕೊಂಡವರು, ಡಾಕ್ಟರು, ನರ್ಸಮ್ಮಂದಿರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು.

ಮನೆಗೆ ಬಂದ ನಾಲ್ಕನೇ ರಾತ್ರಿ ಕೆಮ್ಮು ಬಂತು. ಆಪರೇಷನ್‌ನಲ್ಲಿ ಕೊಯ್ದು ಕೂಡಿಸಿದ ಎದೆ ಮೂಳೆ ಬಿಚ್ಚಿಕೊಂಡೇ ಹೋಯಿತು ಅನ್ನಿಸಿತು. ಅಕ್ಕ ಎದ್ದು ಬಂದು ದಿಂಬನ್ನು ನನ್ನ ಎದೆಗೆ ಅವಚಿ, ಅದರ ಮೇಲೆ ನನ್ನ ಕೈ ಇಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. "ಈಗ ಕೆಮ್ಮು. ನಾ ಹಿಡದೀನಿ." ಕೆಮ್ಮು ನಿಂತ ಮೇಲೆ ಅತ್ತುಬಿಟ್ಟೆ. ಕಣ್ಣು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಅನ್ನುವ ಭಯ. ಬೆಳಗಾಗುವ ತನಕ ಅವಳು ಮಂಚದ ಪಕ್ಕ ಕೂತೇ ಇದ್ದಳು.

ರೀಹ್ಯಾಬ್‌ಗೆ ನಾನು ಒಲ್ಲೆ ಅಂದಿದ್ದೆ. ಕೊಯ್ದ ಎದೆ ಇಟ್ಟುಕೊಂಡು ವ್ಯಾಯಾಮವಾ? ಅಕ್ಕನೇ ಆಟೋ ಹತ್ತಿಸಿದಳು. ಮೊದಲ ದಿನ ಮೈಗೆ ಇಸಿಜಿ ತಂತಿ ಅಂಟಿಸಿ, ಟ್ರೆಡ್‌ಮಿಲ್ ಮೇಲೆ ಬರೀ 5 ನಿಮಿಷ ನಡೆಸಿದರು. ನಾನು ನಡೆಯುತ್ತಿದ್ದೆ, ಪರದೆಯ ಮೇಲೆ ನನ್ನ ಹೃದಯದ ಗೆರೆ ತಾಳ ತಪ್ಪದೆ ಓಡುತ್ತಿತ್ತು. ಭಯ ಕರಗಲು ಶುರುವಾಗಿದ್ದು ಅಲ್ಲಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ಆಪರೇಷನ್ ಆಗಿದ್ದರೆ ಡಾಕ್ಟರ ಹತ್ತಿರ ಇದರ ಬಗ್ಗೆ ದಯವಿಟ್ಟು ಕೇಳಿ. ಮತ್ತೆ ಆಸ್ಪತ್ರೆ ಸೇರುವ ಸಂಭವವೂ ಇದರಿಂದ ಕಡಿಮೆಯಾಗುತ್ತದೆ. ಸುಮ್ನೆ ಮಲಗಿದ್ದರೆ ಧೈರ್ಯ ಬರುವುದಿಲ್ಲ.

ನಡೆಯುವಾಗ ಮಾತಾಡಲು ಆಗಬೇಕು, ಮಾತು ತುಂಡಾದರೆ ವೇಗ ತಗ್ಗಿಸಿ ಎಂದು ಫಿಸಿಯೋ ಹೇಳಿದ್ದರು. ಅಕ್ಕ ಅದನ್ನೇ ಹಿಡಿದಳು. ಉಳಿದ ದಿನ ಕಲಬುರಗಿಯ ಬಿಸಿಲು ಏರುವ ಮೊದಲೇ ಅಪ್ಪನ ಕೆರೆ ಎಂಬ ಊರ ಕೆರೆಯ ದಂಡೆಗೆ ಹೋಗುತ್ತಿದ್ದೆವು. ಹತ್ತು ಹೆಜ್ಜೆಗೊಮ್ಮೆ ಕೇಳುವಳು: "ಇವತ್ತ ತೊಗರಿ ರೇಟ್ ಎಷ್ಟದ, ಹೇಳು." ಮೊದಮೊದಲು ಎರಡು ಮಾತಿಗೇ ಉಸಿರು ಸಾಲುತ್ತಿರಲಿಲ್ಲ. ಈಗ ತೊಗರಿ, ಕಡಲೆ, ಜೋಳ ಎಲ್ಲದರ ರೇಟೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ.

ನಾಳೆ ಅಕ್ಕ ಆಳಂದದ ಬಸ್ ಹತ್ತುತ್ತಾಳೆ. ಎದೆ ಮೂಳೆ ಚೆನ್ನಾಗಿ ಕೂಡಿದೆ, ಭಾರ ಎತ್ತಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವಳ ಬ್ಯಾಗು ನಾನೇ ಹೊರುತ್ತೇನೆ.