ದಿಮಾಪುರಕ್ಕೆ ಹೊರಟ ಡಾಕ್ಟರಮ್ಮನಿಗೆ

ಚಿ. ಕಾವ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೇನೆಯ ಡಾಕ್ಟರಾಗಿ ನಿನಗೆ ನಾಗಾಲ್ಯಾಂಡಿನ ದಿಮಾಪುರಕ್ಕೇ ಪೋಸ್ಟಿಂಗ್ ಆಯಿತೆಂದು ನಿಮ್ಮಮ್ಮ ಫೋನಿನಲ್ಲಿ ಅತ್ತಳು. ನನಗೋ ಹೆಮ್ಮೆ. ಎಂಥ ನೆಲಕ್ಕೆ ಹೋಗುತ್ತಿದ್ದೀಯೆಂದು ತಿಳಿದುಕೊಂಡೇ ಹೋಗು.

1944ರಲ್ಲಿ ಜಪಾನೀಯರು ಬರ್ಮಾದ ಚಿಂದ್ವಿನ್ ನದಿ ದಾಟಿ ಬಂದು ಇಂಫಾಲ, ಕೊಹಿಮಾಗಳನ್ನು ಮುತ್ತಿದರು. ಅವರನ್ನು ತಡೆದು ಹಿಮ್ಮೆಟ್ಟಿಸಿದ್ದು ಬ್ರಿಟಿಷ್ ಜನರಲ್ ಸ್ಲಿಮ್‌ನ ಹದಿನಾಲ್ಕನೇ ಸೇನೆ. ಅದರಲ್ಲಿ ನಮ್ಮವರೇ ಹೆಚ್ಚು; ಜೊತೆಗೆ ಗೂರ್ಖಾಗಳು, ಬ್ರಿಟಿಷರು, ಆಫ್ರಿಕಾದವರು. ಲೋಕದ ಕಣ್ಣೆಲ್ಲ ಯುರೋಪಿನ ಮೇಲಿತ್ತು, ಇವರನ್ನು ಕೇಳುವವರಿರಲಿಲ್ಲ. ನಮ್ಮ ಮಡಿಕೇರಿಯ ತಿಮ್ಮಯ್ಯನವರು ಅರಾಕಾನಿನಲ್ಲಿ ಬ್ರಿಗೇಡ್ ನಡೆಸಿದ್ದೂ ಈ ಬರ್ಮಾ ಸಮರದಲ್ಲೇ. ಎದುರು ಪಾಳೆಯದಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನ ನಮ್ಮ ಹುಡುಗರೂ ಇದ್ದರು. ಮೆಸ್ಸಿನಲ್ಲಿ ಮಾತು ಬಂದರೆ ಯಾರನ್ನೂ ಹಗುರ ಮಾಡಬೇಡ.

ನಿನಗೆ ಬೇಕಾದ್ದು ಇದು. ಈ ರಣರಂಗದಲ್ಲಿ 1943ರಲ್ಲಿ ಗಾಯವಾಗಿ ಆಸ್ಪತ್ರೆಗೆ ಹೋದವನು ಒಬ್ಬನಾದರೆ, ಕಾಯಿಲೆ ಬಿದ್ದು ಹೋದವರು 120 ಮಂದಿ. ಮಲೇರಿಯಾ, ಆಮಶಂಕೆ. ಮಲೇರಿಯಾ ತಡೆಯಲು ಮೆಪಾಕ್ರಿನ್ ಮಾತ್ರೆ ಇತ್ತು. ಆದರೆ ಅದರಿಂದ ಮೈ ಹಳದಿಯಾಗುತ್ತಿತ್ತು; ಗಂಡಸುತನವೂ ಹೋಗುತ್ತದೆ ಎಂಬ ಪುಕಾರು ಹಬ್ಬಿ ಸಿಪಾಯಿಗಳು ನುಂಗುತ್ತಿರಲಿಲ್ಲ. ಸ್ಲಿಮ್ ಸಿಪಾಯಿಯನ್ನು ಬೈಯಲಿಲ್ಲ. ಹೇಳದೆ ಕೇಳದೆ ಇಡೀ ತುಕಡಿಯ ತಪಾಸಣೆ ಮಾಡಿಸಿದ. ಮಾತ್ರೆ ತಗೊಂಡವರು ನೂರಕ್ಕೆ 95ಕ್ಕಿಂತ ಕಡಿಮೆಯಿದ್ದರೆ ಅದರ ಕಮಾಂಡರನ್ನೇ ಮನೆಗೆ ಕಳಿಸಿದ. ಮೂವರು ಹೋಗುವಷ್ಟರಲ್ಲಿ ಮಿಕ್ಕವರಿಗೆ ಅರ್ಥವಾಯಿತು. ರೋಗಿಯನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬದಲು ಆಸ್ಪತ್ರೆಯನ್ನೇ ರಣರಂಗದ ಬೆನ್ನಿಗೆ ತಂದಿಟ್ಟರು.

ಕಾವ್ಯಾ, ಚೀಟಿ ಬರೆದುಕೊಟ್ಟು ಕೂರಬೇಡಮ್ಮ. ಮಾತ್ರೆ ಗಂಟಲಿಗಿಳಿಯಿತಾ, ನಿಂತು ನೋಡು. ಯಾವ ಜವಾನನಾದರೂ ಹೆದರಿದರೆ ಅವನ ಮುಂದೆ ನೀನೇ ಮೊದಲು ನುಂಗು. ಸೊಳ್ಳೆಪರದೆ ಹರಿದಿದ್ದರೆ ನೀನೇ ಕೈಯಿಂದ ಮುಟ್ಟಿ ನೋಡು. ಮದ್ದಿನ ಜೊತೆ ಡಾಕ್ಟರ ನಂಬಿಕೆಯೂ ಒಳಗೆ ಹೋಗಬೇಕು.

ರಜೆ ಸಿಕ್ಕಿದ ದಿನ ಕೊಹಿಮಾದ ಯುದ್ಧ ಸ್ಮಶಾನಕ್ಕೆ ಹೋಗು. ಎರಡೂ ಸೇನೆಗಳು ಒಂದು ಟೆನಿಸ್ ಅಂಗಳದ ಆಚೆ ಈಚೆ ನಿಂತು ಕಾದಾಡಿದ ಜಾಗವದು. ಅಂಗಳದ ಗೆರೆಗಳನ್ನು ಬಿಳಿಯಾಗಿ ಹಾಗೇ ಉಳಿಸಿದ್ದಾರೆ. ಎಲ್ಲರೂ ಅಲ್ಲೇ ಫೋಟೋ ತೆಗೆದು ತಿರುಗುತ್ತಾರೆ. ನೀನು ತುತ್ತತುದಿಗೆ ಹತ್ತು. ದಹನವಾದ 917 ಹಿಂದೂ, ಸಿಖ್ ಯೋಧರ ಹೆಸರು ಅಲ್ಲಿವೆ. ನಾನು ಹೋದಾಗ ಬಸ್ಸಿಗೆ ಹೊತ್ತಾಯಿತೆಂದು ಅರ್ಧ ಓದಿ ಇಳಿದುಬಂದೆ. ಉಳಿದರ್ಧ ನೀನು ಓದು.

ನಿನ್ನ ದೊಡ್ಡಪ್ಪ