ಮಳೆ ಹಿಡಿಯುವ ಮೊದಲು

ಪ್ರಿಯ ಸುಧೀ,

ಮಳೆಗಾಲದ ತುರ್ತಿಗೆ ಅಂತ ನಮ್ಮ ಮನೆಯಲ್ಲಿ ಮಾಡಿಟ್ಟ ಫೋನ್ ನಂಬರ್ ಚೀಟಿಯಲ್ಲಿ ನಿನ್ನ ನಂಬರ್ ಬರೆದಾಗಿದೆ. ನಿನ್ನನ್ನು ಕೇಳದೇ ಬರೆದದ್ದು. ಯಾಕೆ ಅಂತ ಎಲ್ಲರೆದುರೇ ಹೇಳ್ತೇನೆ, ಗುಡ್ಡದ ಬುಡದಲ್ಲಿ ಮನೆ ಇರುವ ಬೇರೆಯವರಿಗೂ ಉಪಯೋಗ ಆಗಲಿ.

2018ರ ಆಗಸ್ಟ್ ನೆನಪಿದೆಯಲ್ಲ. ನಮ್ಮ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಮೇಲಿದ್ದವರು ಮಡಿಕೇರಿ ಕಡೆ ಹೋದರು, ಕೆಳಗಿದ್ದವರು ಸಂಪಾಜೆ ಕಡೆ ಇಳಿದರು. ನಡುವಿನ ಹೆದ್ದಾರಿಯೇ ಕಡಿದುಹೋಗಿತ್ತು. ಕರೆಂಟು ಹೋದರೆ ಮೊಬೈಲ್ ಟವರ್ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಜನರೇಟರ್. ರಸ್ತೆಯೇ ಇಲ್ಲದ ಮೇಲೆ ಅದಕ್ಕೆ ಡೀಸೆಲ್ ತರುವವರು ಯಾರು? ಉಳಿದ ಒಂದೆರಡು ಟವರಿಗೆ ಇಡೀ ಜಿಲ್ಲೆಯೇ ಮುಗಿಬೀಳುತ್ತದೆ.

ಅದಕ್ಕೇ ಈ ಸಲ ಊರಿಗೆ ಹೋದಾಗ ಅಮ್ಮನ ಜೊತೆ ಕೂತು ಮಾತಾಡಿದೆ. ಕೊಡಗಿನೊಳಗೆ ಒಬ್ಬರಿಗೊಬ್ಬರು ಫೋನ್ ಹಚ್ಚುತ್ತಾ ಕೂರುವುದು ಬೇಡ. ದೂರದ ಊರಿನ ಒಬ್ಬರಿಗೆ ಎಲ್ಲರೂ ಸುದ್ದಿ ಮುಟ್ಟಿಸುವುದು, ಯಾರು ಎಲ್ಲಿದ್ದಾರೆ ಅಂತ ಅವರನ್ನೇ ಕೇಳುವುದು. ಅದೂ ಕಾಲ್ ಬೇಡ, ಎಸ್ಸೆಮ್ಮೆಸ್. ಕಾಲ್‌ಗೆ ಎರಡೂ ಕಡೆ ಒಂದೇ ಹೊತ್ತಿಗೆ ಲೈನ್ ಸಿಗಬೇಕು. ಎಸ್ಸೆಮ್ಮೆಸ್ ಚೂರು ಸಿಗ್ನಲ್ ಸಿಕ್ಕರೂ ಹೊರಟುಬಿಡುತ್ತದೆ, ಆ ಕಡೆ ಫೋನ್ ಆಫ್ ಇದ್ದರೆ ಆನ್ ಆಗುವವರೆಗೆ ಕಾಯುತ್ತದೆ. ಕನ್ನಡದಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 70 ಗುರುತು ಮಾತ್ರ. ಕೊಂಬು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಕತೆ ಬೇಡ. "ಕ್ಷೇಮ. ಸಂಪಾಜೆ ಶಾಲೆ. ಇಬ್ಬರು." ಸಾಕು.

ಅಮ್ಮ ಹಳೇ ಮದುವೆ ಕಾಗದದ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಳು, ಒದ್ದೆಯಾದರೂ ಶಾಯಿ ಹಾಗೆ ಹರಡುವುದಿಲ್ಲ ಅಂತ. ತುರ್ತು ಕರೆಯ 112, ಜಿಲ್ಲಾ ಕಂಟ್ರೋಲ್ ರೂಮಿನ 1077. ಆಮೇಲೆ, ನಾನು ಕೇಳುವ ಮೊದಲೇ, ಹುಬ್ಬಳ್ಳಿಯ ಅಣ್ಣನ ನಂಬರ್. ಪುಸ್ತಕ ನೋಡದೇ ಬರೆದಳು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಮಡಚಿಟ್ಟಳು.

ಸರಿಯಾದ ಆಯ್ಕೆಯೇ. ಹುಬ್ಬಳ್ಳಿಗೆ ನಮ್ಮ ಘಾಟಿಯ ಗೊಡವೆ ಇಲ್ಲ, ಅಣ್ಣ ಎಷ್ಟು ಹೊತ್ತಿಗೂ ಫೋನ್ ಎತ್ತುವವನು. ಆದರೆ ತೋಟ ಪಾಲಾದ ಮೇಲೆ ನಮ್ಮಿಬ್ಬರಿಗೆ ಮಾತಿಲ್ಲ, ನಿನಗೆ ಗೊತ್ತಲ್ಲ. ಅವನ ಮಗಳು ಪಿಯುಸಿ ಪಾಸಾದದ್ದು ನನಗೆ ಅಮ್ಮನಿಂದ ತಿಳಿಯಿತು. ನನಗೆ ಕೆಲಸ ಬದಲಾದದ್ದು ಅವನಿಗೆ ಅಮ್ಮನಿಂದ. ಅವಳ ಆ ಪುಟ್ಟ ಕೀಪ್ಯಾಡ್ ಫೋನು ಆಫ್ ಆದರೆ ಅಣ್ಣ ಹೇಗಿದ್ದಾನೆ ಅಂತ ತಿಳಿಯಲು ನನಗೆ ಬೇರೆ ದಾರಿಯೇ ಇಲ್ಲ. ಮಳೆ ಇಲ್ಲದ ದಿನವೂ ಹೀಗೇ ಮಾರಾಯ. ಅಮ್ಮನಿಗೆ ವಯಸ್ಸಾಯಿತು. ಅವಳು ಹೋದ ಮೇಲೆ ನಮ್ಮಿಬ್ಬರಿಗೆ ಯಾರು ಸುದ್ದಿ ಹೇಳುತ್ತಾರೆ ಅಂತ ಆ ರಾತ್ರಿ ಹೊಳೆದದ್ದು ತಲೆಯಿಂದ ಹೋಗುತ್ತಿಲ್ಲ. ನನಗೆ ಅವನು ಬೇಕು. ಇದನ್ನು ಅವನಿಗೆ ಹೇಳುವುದು ಬಿಟ್ಟು ನಿನಗೆ ಹೇಳ್ತಿದ್ದೇನೆ.

ಒಂದು ಸಲ ಸುಮ್ನೆ ಕಳಿಸಿ ನೋಡಬೇಕು, ತುರ್ತಿಗೆ ಕಲಿಯೋಕಾಗಲ್ಲ ಅಂತ ಅಮ್ಮನ ಹಠ. "ಎಲ್ಲರೂ ಕ್ಷೇಮ" ಅಂತ ಟೈಪ್ ಮಾಡಿ ಇಟ್ಟಿದ್ದೇನೆ. ಇನ್ನೂ ಕಳಿಸಿಲ್ಲ.

ಇರಲಿ, ಜಾಸ್ತಿ ಆಯ್ತು ಅಲ್ವಾ. ನಿನ್ನ ವಿಷಯಕ್ಕೆ ಬರ್ತೇನೆ. ಅಣ್ಣ ಸಿಗದಿದ್ದರೆ ಎರಡನೇ ನಂಬರ್ ನಿನ್ನದು. ಮಳೆಗಾಲದಲ್ಲಿ ರಾತ್ರಿ ಫೋನ್ ಸೈಲೆಂಟಿಗೆ ಹಾಕಬೇಡ. 2024ರ ಜುಲೈಯಲ್ಲಿ ವಯನಾಡಿನ ಮುಂಡಕ್ಕೈಯಲ್ಲಿ ಗುಡ್ಡ ಬಂದದ್ದು ಜನ ಮಲಗಿದ್ದಾಗ. ಮತ್ತೆ, ಊರಿಗೆ ಬರುವುದಾದರೆ ಮೇಷ್ಟ್ರ ಕೊಡೆ ಮಾತ್ರ ತರಬೇಡ. ಅಮ್ಮ ಇನ್ನೂ ಮರೆತಿಲ್ಲ.

ನಿನ್ನ,
ಗಿರಿ